ಕಡಿದ ಮರದ ರಾಶಿ: ಬೆಂಕಿ ಹಚ್ಚುವ ಮುಂಚೆ ವಿಂಗಡಿಸಿ

ಪ್ರಶ್ನೆ: ಮನೆ ತೋಟದಲ್ಲಿ ಎರಡು ದೊಡ್ಡ ಮರಗಳನ್ನು ಕಡಿಸಿದೆವು. ಒಂದು ಒಣಗಿತ್ತು, ಇನ್ನೊಂದು ಮನೆಯ ಕಡೆಗೆ ವಾಲಿತ್ತು. ಕಡಿದವರು ಮರ ಉರುಳಿಸಿ ಹೊರಟುಹೋದರು. ಎದೆಯೆತ್ತರದ ಕೊಂಬೆ ರಾಶಿ, ದಿಮ್ಮಿಗಳು, ಎರಡು ಬೊಡ್ಡೆ ಹಾಗೇ ಉಳಿದಿವೆ. ಒಣಗಿದ ಮೇಲೆ ಬೆಂಕಿ ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಕೊಂಬೆಗಳನ್ನು ಚೂರು ಮಾಡುವ ಚಿಪ್ಪರ್ ಯಂತ್ರಕ್ಕೆ ಹಾಕಿಸಿ ಗಿಡಗಳ ಬುಡಕ್ಕೆ ಹರಡೋಣ ಅಂದರೆ, ಮಣ್ಣಿನ ಸಾರ ಹೀರಿಬಿಡುತ್ತದೆ, ಗೆದ್ದಲು ಬರುತ್ತದೆ ಎಂದು ಹೆದರಿಸುತ್ತಾರೆ. ಮೂರನೆಯ ಮರವನ್ನೂ ತೆಗೆಸುವುದಿದೆ. ಏನು ಮಾಡೋದು?

ಉತ್ತರ: ಬೆಂಕಿಯ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ತೋಟದಲ್ಲಿ ಬಿದ್ದಿರುವುದರಲ್ಲಿ ಕಸ ಅನ್ನಿಸಿಕೊಳ್ಳುವಂಥದ್ದು ತೀರಾ ಕಡಿಮೆ. ರಾಶಿ ನೋಡಿದರೆ ಗಾಬರಿಯಾಗುತ್ತದೆ, ನಿಜ. ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಂಡು ಬಿದ್ದಿರುವುದರಿಂದ ಅದು ಒಂದೇ ದೊಡ್ಡ ಸಮಸ್ಯೆಯ ಹಾಗೆ ಕಾಣುತ್ತದೆ. ಆದರೆ ಎಲೆ ಬೇರೆ, ಪುಳ್ಳೆ ಬೇರೆ, ತೋಳು ದಪ್ಪದ ಕೊಂಬೆ ಬೇರೆ, ದಿಮ್ಮಿ ಬೇರೆ. ಒಂದೊಂದಕ್ಕೂ ಅದರದೇ ಉಪಯೋಗ ಇದೆ. ನಾಲ್ಕಕ್ಕೂ ಸೇರಿ ಒಂದೇ ದಾರಿ ಹುಡುಕಲು ಹೋದಾಗ ಬೆಂಕಿ ಬಿಟ್ಟು ಬೇರೇನೂ ತೋಚುವುದಿಲ್ಲ.

ಕೈ ಹಾಕುವ ಮುಂಚೆ ರಾಶಿಯ ಸುತ್ತ ಒಮ್ಮೆ ನಡೆದು ನೋಡಿ. ದಿಮ್ಮಿಯ ಅಡಿಯಲ್ಲಿ ಬಾಗಿ ಸಿಕ್ಕಿಕೊಂಡ ಕೊಂಬೆಗಳು ಇರುತ್ತವೆ. ಅವುಗಳಲ್ಲಿ ಬಿಗಿ ತುಂಬಿರುತ್ತದೆ. ಗೊತ್ತಿಲ್ಲದೆ ನಡುವೆ ಕತ್ತಿ ಹಾಕಿದರೆ ಚಟ್ಟನೆ ಬಿಚ್ಚಿಕೊಂಡು ಮುಖಕ್ಕೇ ಹೊಡೆಯುತ್ತವೆ. ಮೇಲಿನ ಭಾರ ತೆಗೆದು ಬಿಗಿ ಸಡಿಲವಾದ ಮೇಲಷ್ಟೇ ಅವನ್ನು ಮುಟ್ಟಿ. ಆಗದಿದ್ದರೆ ಅನುಭವ ಇರುವವರಿಗೆ ಬಿಡಿ. ಕೆಲವು ವಾರ ಬಿದ್ದಿರುವ ರಾಶಿಯಾದರೆ ಒಳಗೆ ಹಾವು, ಚೇಳು, ಹಕ್ಕಿಯ ಗೂಡು ಏನು ಬೇಕಾದರೂ ಇರಬಹುದು. ಬರಿಗೈ ಹಾಕಬೇಡಿ.

ಆಮೇಲೆ ಕವಲು ಕತ್ತರಿಸುವ ಕೆಲಸ. ಕೊಂಬೆ ರಾಶಿಯಲ್ಲಿ ಮರಕ್ಕಿಂತ ಜಾಸ್ತಿ ಇರುವುದು ಗಾಳಿ. ಒಂದು ಕವಲು ಇನ್ನೊಂದನ್ನು ಎತ್ತಿ ಹಿಡಿದಿರುತ್ತದೆ, ಅದರ ಮೇಲೆ ಮತ್ತೊಂದು. ಕವಲಿನಲ್ಲೇ ಕತ್ತರಿಸಿದರೆ ಎರಡೂ ನೇರ ಕೋಲುಗಳಾಗಿ ನೆಲಕ್ಕೆ ಮಲಗುತ್ತವೆ. ಬೇರೇನೂ ಮಾಡದಿದ್ದರೂ ಎದೆಯೆತ್ತರದ ರಾಶಿ ಮೊಣಕಾಲಿನ ಹತ್ತಿರ ಇಳಿಯುತ್ತದೆ. ಮೇಲಿನಿಂದ ಒಂದೊಂದೇ ಎಳೆದು ಹೊರಗೆ ತನ್ನಿ, ನಡುವಿನಿಂದ ಕಿತ್ತಾಡಬೇಡಿ. ಎಳೆದ ಹಾಗೇ ಬೇರೆ ಬೇರೆ ಹಾಕಿ: ಬೆರಳು ದಪ್ಪದವರೆಗಿನ ಪುಳ್ಳೆ ಒಂದು ಕಡೆ, ಅದಕ್ಕಿಂತ ಮೇಲೆ ಸುಮಾರು 7 ಸೆಂಟಿಮೀಟರ್‌ವರೆಗಿನವು ಇನ್ನೊಂದು ಕಡೆ, ಅದಕ್ಕಿಂತ ದಪ್ಪದವು ದಿಮ್ಮಿಗಳ ಜೊತೆ. ಬುಡಗಳೆಲ್ಲ ಒಂದೇ ದಿಕ್ಕಿಗೆ ಇರಲಿ. ಚಿಪ್ಪರ್ ತರಿಸಿದ ದಿನ ಇದರ ಬೆಲೆ ಗೊತ್ತಾಗುತ್ತದೆ, ಏಕೆಂದರೆ ಕೊಂಬೆಯನ್ನು ಯಾವಾಗಲೂ ಬುಡದ ಕಡೆಯಿಂದಲೇ ಯಂತ್ರಕ್ಕೆ ಕೊಡಬೇಕು. ತಿರುವಿ ಬಿದ್ದ ಕೊಂಬೆಗಳನ್ನು ಬಿಡಿಸುವುದರಲ್ಲೇ ಬಾಡಿಗೆಯ ಹೊತ್ತು ಕಳೆದುಹೋಗುತ್ತದೆ.

ಹಸಿ ಎಲೆ ಗೊಬ್ಬರಕ್ಕೆ ಹೋಗಲಿ. ಅದರಲ್ಲಿ ಸಾರಜನಕ ಜಾಸ್ತಿ, ಒಣ ಚೂರುಗಳ ಜೊತೆ ಪದರ ಪದರವಾಗಿ ಹಾಕಿದರೆ ರಾಶಿ ಬೇಗ ಬಿಸಿಯೇರುತ್ತದೆ. ನೀಲಗಿರಿಯಂಥ ಘಾಟು ಎಣ್ಣೆಯ ಎಲೆಗಳನ್ನು ಮಾತ್ರ ಚೆನ್ನಾಗಿ ಕೊಳೆಯುವವರೆಗೆ ಎಳೆಯ ಗಿಡಗಳ ಹತ್ತಿರ ತರಬೇಡಿ. ಹಸಿಯಲ್ಲಿ ಅವು ಬೀಜ ಮೊಳೆಯುವುದನ್ನು ತಡೆಯುತ್ತವೆ.

ಈಗ ನಿಮ್ಮನ್ನು ಹೆದರಿಸಿದ ಚಿಪ್ಪರ್ ಚೂರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ವಸ್ತುವನ್ನು ಜನ ತಪ್ಪು ಭಯದಿಂದ ಸುಡುವುದು ಇಲ್ಲೇ.

ಹೆದರಿಕೆಯಲ್ಲಿ ಅರ್ಧ ಸತ್ಯ ಇದೆ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಪ್ರತಿ 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಮರದ ಚೂರಿನಲ್ಲಿ ಇಂಗಾಲದ ಪಾಲು ನೂರಾರು ಪಟ್ಟು, ದಪ್ಪ ಕಾಂಡದ ಚೂರಾದರೆ 400ರ ಆಸುಪಾಸಿಗೂ ಹೋಗುತ್ತದೆ. ಅದನ್ನು ಮಣ್ಣಿನೊಳಗೆ ಕಲಸಿದರೆ ಜೀವಿಗಳು ಕೊರತೆ ಬಿದ್ದ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡ ಹಳದಿ ತಿರುಗುತ್ತದೆ. ಗರಗಸದ ಹೊಟ್ಟು ಇನ್ನೂ ಕೆಟ್ಟದ್ದು. ನುಣ್ಣಗಿರುವುದರಿಂದ ಮಣ್ಣಿಗೆ ತಾಗುವ ಮೈ ಜಾಸ್ತಿ, ಎಳೆತವೂ ಜಾಸ್ತಿ.

ಆದರೆ ಅದೇ ಚೂರನ್ನು ಮಣ್ಣಿನ ಮೇಲೆ ಹಾಸಿದರೆ ಲೆಕ್ಕವೇ ಬೇರೆ. ಆಗ ಮಣ್ಣಿಗೂ ಚೂರಿಗೂ ಸಂಪರ್ಕ ಇರುವುದು ಒಂದು ತೆಳು ಪದರದಲ್ಲಿ ಮಾತ್ರ. ಸಾರಜನಕದ ಕೊರತೆಯೂ ಆ ಪದರಕ್ಕೇ ಸೀಮಿತ. ಮರದ, ಪೊದೆಯ ಬೇರುಗಳು ಅದಕ್ಕಿಂತ ಕೆಳಗಿರುತ್ತವೆ, ಅವಕ್ಕೆ ಏನೂ ಆಗುವುದಿಲ್ಲ. ಕಷ್ಟವಾಗುವುದು ಮೇಲ್ಪದರದಲ್ಲಿ ಮೊಳೆಯಲು ನೋಡುವ ಕಳೆ ಬೀಜಕ್ಕೆ. ಅದು ನಮಗೆ ಬೇಕಾದದ್ದೇ ಅಲ್ವಾ? ಇದೇ ಕಾರಣಕ್ಕೆ ಆಗತಾನೇ ಬಿತ್ತಿದ ತರಕಾರಿ ಪಾತಿಗೆ ಹಸಿ ಚೂರು ಬೇಡ. ಮರ, ಪೊದೆ, ಬೇಲಿ ಗಿಡ, ಓಡಾಡುವ ದಾರಿ, ಇವಕ್ಕೆ ಹಾಕಿ.

ತೆಳು ಕೊಂಬೆಗಳ ಚೂರು ದಪ್ಪ ಕಾಂಡದ ಚೂರಿಗಿಂತ ಒಳ್ಳೆಯದು. ಮರ ತನ್ನ ಪೋಷಕಾಂಶವನ್ನು ತೊಗಟೆ, ಮೊಗ್ಗು, ಎಳೆಯ ಟೊಂಗೆಗಳಲ್ಲಿ ಹೆಚ್ಚಾಗಿ ಇಟ್ಟುಕೊಂಡಿರುತ್ತದೆ. ಕೆನಡಾದ ಕ್ವಿಬೆಕ್‌ನ ಲಾವಲ್ ವಿಶ್ವವಿದ್ಯಾಲಯದಲ್ಲಿ ಜೀಲ್ ಲೆಮ್ಯೂ ಮತ್ತು ಅವರ ಜೊತೆಗಾರರು 7 ಸೆಂಟಿಮೀಟರ್‌ಗಿಂತ ತೆಳುವಾದ ಕೊಂಬೆಗಳ ಚೂರನ್ನು ಮಣ್ಣು ಸುಧಾರಿಸುವ ವಸ್ತು ಎಂದೇ ಪರಿಗಣಿಸಿ ಕೆಲಸ ಮಾಡಿದರು. ವಿಂಗಡಿಸುವಾಗ 7 ಸೆಂಟಿಮೀಟರ್ ಗೆರೆ ಹಾಕಿದ್ದು ಅದಕ್ಕೇ.

ದಪ್ಪ ಎಷ್ಟಿರಬೇಕು? 7ರಿಂದ 10 ಸೆಂಟಿಮೀಟರ್. ಜಾಸ್ತಿ ಹಾಕಿದರೆ ಸಣ್ಣ ಮಳೆಯ ನೀರು ಮಣ್ಣಿಗೆ ಇಳಿಯುವುದಿಲ್ಲ. ಒಂದು ಘನ ಮೀಟರ್ ಚೂರು 8 ಸೆಂಟಿಮೀಟರ್ ದಪ್ಪದಲ್ಲಿ ಹನ್ನೆರಡು ಚದರ ಮೀಟರ್‌ಗೆ ಸಾಕಾಗುತ್ತದೆ, ಹಾಗೆ ಲೆಕ್ಕ ಹಾಕಿಕೊಳ್ಳಿ. ಕಾಂಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಡಿ. ಕಾಂಡಕ್ಕೆ ಒತ್ತಿ ಗುಡ್ಡೆ ಹಾಕುವುದನ್ನು ಎಲ್ಲೆಲ್ಲೂ ನೋಡುತ್ತೇನೆ. ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ತೊಗಟೆ ಸದಾ ಒದ್ದೆಯಾಗಿ ಅಲ್ಲೇ ಕೊಳೆಯಲು ಶುರುವಾಗುತ್ತದೆ.

ಒಂದಷ್ಟು ಮಳೆ ಬಿದ್ದ ಮೇಲೆ ಆ ಹಾಸಿಗೆಯನ್ನು ಬೆರಳಲ್ಲಿ ಸರಿಸಿ ನೋಡಿ. ಮೇಲಿನ ಚೂರು ಬೂದು ಬಣ್ಣಕ್ಕೆ ತಿರುಗಿ ಒಣಗಿರುತ್ತದೆ. ಅದರ ಕೆಳಗಿನದು ಕಂದು, ತೇವ. ಇನ್ನೂ ಕೆಳಗೆ ಚೂರು ಚೂರನ್ನೂ ಸೇರಿಸಿ ಹಿಡಿದ ಬಿಳಿ ಎಳೆಗಳು ಕಾಣುತ್ತವೆ, ಎತ್ತಿದರೆ ಒಟ್ಟಿಗೆ ಎದ್ದು ಬರುತ್ತದೆ. ರೋಗ ಬಂತು ಅಂತ ಕಿತ್ತು ಹಾಕಬೇಡಿ. ಅದು ಶಿಲೀಂಧ್ರ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಚೆನ್ನಾಗಿ ಒಡೆಯಬಲ್ಲವು ಇಂಥ ಶಿಲೀಂಧ್ರಗಳೇ. ಅವು ಬಂದಿವೆ ಅಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ.

ಗೆದ್ದಲಿನ ಬಗ್ಗೆ. ತೆಳುವಾಗಿ ಹರಡಿದ ಚೂರು ಬೇಗ ಒಣಗುತ್ತದೆ, ಗೆದ್ದಲಿಗೆ ಅದು ಒಳ್ಳೆಯ ಮನೆಯಲ್ಲ. ಗೋಡೆಗೆ ಒರಗಿಸಿದ ಸೌದೆ, ನೆಲಕ್ಕೆ ಒತ್ತಿ ಬಿದ್ದ ದಿಮ್ಮಿ, ಮಣ್ಣಲ್ಲಿ ಹೂತುಹೋದ ಮರ, ಇವು ಅವಕ್ಕೆ ಇಷ್ಟ. ಮನೆಯ ಗೋಡೆಯುದ್ದಕ್ಕೂ ಒಂದು ಅಡಿ ಜಾಗವನ್ನು ಏನೂ ಹಾಕದೆ ಬರಿ ಬಿಡಿ. ಗೆದ್ದಲು ಗೋಡೆ ಹತ್ತಬೇಕಾದರೆ ಮಣ್ಣಿನ ಸುರಂಗ ಕಟ್ಟಿಕೊಂಡೇ ಬರಬೇಕು. ಬರಿ ಜಾಗ ಇದ್ದರೆ ಅದು ಕಣ್ಣಿಗೆ ಬೀಳುತ್ತದೆ.

ಇಲ್ಲಿ ನಿಮ್ಮ ಒಣಗಿದ ಮರದ ಬಗ್ಗೆ ಒಂದು ಮಾತು. ಅದು ಯಾಕೆ ಒಣಗಿತು ಅಂತ ಯಾರಾದರೂ ನೋಡಿದರಾ? ಬುಡದಲ್ಲಿ ಗಟ್ಟಿಯಾದ ಅಣಬೆ ಎದ್ದಿದ್ದರೆ, ಕತ್ತರಿಸಿದ ಬೊಡ್ಡೆಯ ಒಳಗೆ ಮೆತ್ತಗೆ ಕೊಳೆತಿದ್ದರೆ ಬೇರು ಕೊಳೆ ರೋಗ ಇರಬಹುದು. ಕಾಂಡದಲ್ಲಿ ರಂಧ್ರ, ಅದರಿಂದ ಉದುರಿದ ಹೊಟ್ಟು ಕಂಡರೆ ಕಾಂಡ ಕೊರೆಯುವ ಹುಳು. ಅಂಥ ಮರದ ಚೂರನ್ನು ಮಣ್ಣಿಗೆ ಬೆರೆಸಬೇಡಿ, ಅದೇ ಜಾತಿಯ ಮರದ ಹತ್ತಿರವೂ ಹಾಕಬೇಡಿ. ದಾರಿಗೆ ಹಾಸಿ, ಇಲ್ಲವೇ ಗೊಬ್ಬರದ ರಾಶಿಯಲ್ಲಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಬೇಯಲು ಬಿಡಿ. ರಾಶಿಯ ಹೊರಗಿನ ಭಾಗ ಅಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಮಗುಚಿ ಹಾಕಬೇಕು. ಹಸಿ ಚೂರಿನ ರಾಶಿ ತನ್ನಷ್ಟಕ್ಕೇ ಬಿಸಿಯೇರಿ ಹಬೆಯಾಡುವುದು ಸಹಜವೇ. ಆದರೆ ಆಳೆತ್ತರಕ್ಕಿಂತ ಮೇಲೆ ಪೇರಿಸಿ ತಿಂಗಳುಗಟ್ಟಲೆ ಬಿಡಬೇಡಿ. ಬಹಳ ದೊಡ್ಡ ರಾಶಿಗಳು ಒಳಗಿನ ಶಾಖಕ್ಕೇ ಹೊತ್ತಿಕೊಳ್ಳುವುದುಂಟು.

ಚಿಪ್ಪರ್ ಬಳಿ ನಿಲ್ಲುವವರು ಸಡಿಲ ಬಟ್ಟೆ, ಅಗಲ ಪಟ್ಟಿಯ ಕೈಗವಸು, ನೇತಾಡುವ ಏನನ್ನೂ ಹಾಕಬಾರದು. ಬಾಯಿಗೆ ನೇರ ಎದುರು ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಸಣ್ಣ ತುಂಡು ಒಳಗೆ ಹೋಗದಿದ್ದರೆ ಇನ್ನೊಂದು ಉದ್ದ ಕೊಂಬೆಯಿಂದ ತಳ್ಳಬೇಕು. ಕೈಯಿಂದ, ಕಾಲಿಂದ ಯಾವತ್ತೂ ಬೇಡ. ಇದರಲ್ಲಿ ರಿಯಾಯಿತಿ ಇಲ್ಲ, ಎಷ್ಟೇ ಅನುಭವಿಗಳಾದರೂ. ಕೊಂಬೆಯಲ್ಲಿ ಹಳೆಯ ಮೊಳೆ, ತಂತಿ, ಮೆತ್ತಿದ ಮಣ್ಣು ಇದ್ದರೆ ಮೊದಲೇ ತೆಗೆಯಿರಿ, ಅಲಗು ಹಾಳಾಗುತ್ತದೆ.

ಚಿಪ್ಪರ್ ಸಿಗದಿದ್ದರೆ? ಜಾಗ ಇರುವವರಿಗೆ ನಾನು ಮೊದಲು ಹೇಳುವುದು ಕೊಂಬೆ ಬೇಲಿ. ತೋಳು ದಪ್ಪದ ಗೂಟಗಳನ್ನು ಎರಡು ಸಾಲಾಗಿ ನೆಡಿ. ಸಾಲುಗಳ ನಡುವೆ ಎರಡು ಅಡಿ, ಗೂಟದಿಂದ ಗೂಟಕ್ಕೆ ಒಂದು ಮೀಟರ್‌ ಒಳಗೆ. ನಡುವಿನ ಜಾಗದಲ್ಲಿ ಕೊಂಬೆಗಳನ್ನು ಉದ್ದುದ್ದಕ್ಕೆ ಮಲಗಿಸಿ ತುಳಿದು ತುಂಬಿಸಿ. ದಪ್ಪದವು ಅಡಿಗೆ, ಪುಳ್ಳೆ ಮೇಲಕ್ಕೆ. ಗೂಟ, ಹೂರಣ ಎಲ್ಲ ಅದೇ ಮರದ್ದು, ಹೊರಗಿನಿಂದ ಏನೂ ತರಬೇಕಿಲ್ಲ. ವರ್ಷವಾಗುತ್ತಿದ್ದಂತೆ ಬೇಲಿ ಕುಸಿಯುತ್ತದೆ, ಮುಂದಿನ ಕತ್ತರಿಕೆಯ ಕೊಂಬೆ ಮೇಲಿನಿಂದ ಹಾಕುತ್ತಾ ಹೋಗುವುದು. ಜರ್ಮನಿಯಲ್ಲಿ 1980ರ ದಶಕದಲ್ಲಿ ಹೆರ್ಮಾನ್ ಬೆನ್ಯೆಸ್ ಎಂಬವರು ಇದನ್ನು ಜನಪ್ರಿಯ ಮಾಡಿದರು. ಅಲ್ಲಿ ಈ ಬೇಲಿಗೆ ಅವರ ಹೆಸರೇ ಇದೆ. ಬೇಲಿಯ ಮೇಲೆ ಕೂರುವ ಹಕ್ಕಿಗಳು ಬೀಜ ಉದುರಿಸುತ್ತವೆ, ಕೊಂಬೆಗಳ ನೆರಳಿನಲ್ಲಿ ಅವು ಮೊಳೆಯುತ್ತವೆ, ಒಣ ಬೇಲಿ ಕೊಳೆಯುವ ಹೊತ್ತಿಗೆ ಜೀವಂತ ಬೇಲಿ ಎದ್ದಿರುತ್ತದೆ ಎಂಬುದು ಅವರ ಯೋಚನೆ. ಹಲ್ಲಿ, ಕಪ್ಪೆ, ಜೇಡ, ಸಣ್ಣ ಹಕ್ಕಿಗಳಿಗಂತೂ ಇಷ್ಟು ಒಳ್ಳೆಯ ಆಸರೆ ಬೇರೆ ಇಲ್ಲ. ಎರಡು ಎಚ್ಚರ: ಹಸಿ ಗೂಟ ಚಿಗುರುವ ಜಾತಿಯಾದರೆ ಒಣಗಿಸಿಯೇ ನೆಡಿ. ಬೇಸಿಗೆಯಲ್ಲಿ ಇದು ಒಣಗಿದ ಉರುವಲೇ ಆಗಿರುವುದರಿಂದ ಮನೆಗೆ ಹತ್ತಿರ ಕಟ್ಟಬೇಡಿ.

ತಗ್ಗು ಜಾಗ ತುಂಬಿಸಬೇಕಿದ್ದರೆ ಅಡಿಯಲ್ಲಿ ಕೊಳೆಯಲು ಶುರುವಾದ ದಿಮ್ಮಿ, ಅದರ ಮೇಲೆ ಕೊಂಬೆ, ಎಲೆ, ಗೊಬ್ಬರ, ಕೊನೆಗೆ ಒಂದು ಅಡಿ ಮಣ್ಣು ಹಾಕಿ ಏರುಮಡಿ ಮಾಡಬಹುದು. ಕೊಳೆತ ಮರ ತೇವ ಹಿಡಿದಿಡುತ್ತದೆ. ಮಡಿ ವರ್ಷ ವರ್ಷ ಕುಸಿಯುತ್ತದೆ, ಮೊದಲ ವರ್ಷ ಮೇಲಿನಿಂದ ಗೊಬ್ಬರ ಜಾಸ್ತಿ ಕೊಡಬೇಕಾಗುತ್ತದೆ. ಗೆದ್ದಲಿನ ಕಾಟ ಇರುವ ಕಡೆ ನಾನು ಇದನ್ನು ಹೇಳುವುದಿಲ್ಲ.

ದಿಮ್ಮಿಗೆ ಬರೋಣ. ಅರ್ಧ ಮೀಟರ್ ಅಡ್ಡಳತೆ, ಒಂದು ಮೀಟರ್ ಉದ್ದದ ಹಸಿ ದಿಮ್ಮಿ ಹೆಚ್ಚೂಕಡಿಮೆ 200 ಕಿಲೋ ತೂಗುತ್ತದೆ. ಎತ್ತಲು ಹೋಗಬೇಡಿ, ಹಾರೆ ಕೊಟ್ಟು ಉರುಳಿಸಿ. ನೇರವಾದ, ಎರಡು ಮೀಟರ್ ಮೀರಿದ ಕಾಂಡ ಇದ್ದರೆ ತುಂಡರಿಸುವ ಮುಂಚೆ ಬಡಗಿಯನ್ನೋ ಸಾಮಿಲ್‌ನವರನ್ನೋ ಕರೆದು ತೋರಿಸಿ. ಒಮ್ಮೆ ಕತ್ತರಿಸಿದ್ದನ್ನು ಜೋಡಿಸಲು ಆಗುವುದಿಲ್ಲ. ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗ, ಚೆನ್ನಾಗಿದ್ದರೆ ಹಲಗೆಗೆ ಬರುತ್ತದೆ. ಎರಡೂ ತುದಿಗೆ ಅದೇ ದಿನ ಬಣ್ಣವನ್ನೋ ಮೇಣವನ್ನೋ ಬಳಿಯಿರಿ. ತುದಿಯಿಂದ ನೀರು ಬೇಗ ಆರಿದರೆ ಮರ ಸೀಳುತ್ತದೆ. ಕುಯ್ದ ಹಲಗೆ ಗಾಳಿಯಲ್ಲಿ ಒಣಗಲು ಪ್ರತಿ ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಮರಗೆಲಸದವರ ಅಂದಾಜು.

ಉಳಿದದ್ದು ಸೌದೆ. ಹಸಿಯಾಗಿರುವಾಗಲೇ ಸೀಳಿ, ಒಣಗಿದ ಮೇಲೆ ಸೀಳುವುದು ಕಷ್ಟ. ನೆಲಕ್ಕೆ ತಾಗದಂತೆ ಅಡ್ಡಪಟ್ಟಿಯ ಮೇಲೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಪಕ್ಕಗಳಿಗೆ ಗಾಳಿಯಾಡಲಿ. ಪೂರ್ತಿ ಟಾರ್ಪಾಲ್ ಸುತ್ತಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ತೇವಾಂಶ ಶೇಕಡ 20ಕ್ಕಿಂತ ಕೆಳಗೆ ಬಂದ ಮೇಲೆ ಹೊಗೆ ಕಡಿಮೆ, ಶಾಖ ಜಾಸ್ತಿ. ಆರು ತಿಂಗಳಿಂದ ಎರಡು ವರ್ಷ ಬೇಕಾಗಬಹುದು, ಮರದ ಜಾತಿಯ ಮೇಲೆ. ಎರಡು ತುಂಡುಗಳನ್ನು ಬಡಿದು ನೋಡಿ: ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಾದರೆ ಮಂಕು ಸದ್ದು. ಹುಳು ಹೊಡೆದ ಮರದ ಸೌದೆಯನ್ನು ದೂರದ ಊರಿಗೆ ಕೊಡಬೇಡಿ. ಅಮೆರಿಕದಲ್ಲಿ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಪತ್ತೆಯಾದ ಹಸಿರು ಜೀರುಂಡೆಯೊಂದು ಆಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿತು. ಅದು ದೂರ ದೂರಕ್ಕೆ ಹರಡಿದ ಒಂದು ಮುಖ್ಯ ದಾರಿ ಜನ ಹೊತ್ತೊಯ್ದ ಸೌದೆ.

ಒಂದೆರಡು ದಿಮ್ಮಿಗಳನ್ನು ನೆರಳಲ್ಲಿ ಹಾಗೇ ಬಿಟ್ಟುಬಿಡಿ ಅಂತ ಕೇಳಿಕೊಳ್ಳುತ್ತೇನೆ. ಕೊಳೆಯುವ ಮರವನ್ನೇ ನಂಬಿ ಬದುಕುವ ಜೀರುಂಡೆ, ಒಂಟಿಯಾಗಿ ಗೂಡು ಕಟ್ಟುವ ಜೇನ್ನೊಣ, ಅಣಬೆಗಳಿಗೆ ಅಚ್ಚುಕಟ್ಟಾದ ತೋಟಗಳಲ್ಲಿ ಜಾಗವೇ ಇಲ್ಲ. ತೆಂಗು, ತಾಳೆಯಂಥ ಮರಗಳಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅವುಗಳ ಕೊಳೆತ ಕಾಂಡದಲ್ಲಿ ರೈನೋಸರಸ್ ದುಂಬಿ ಮೊಟ್ಟೆಯಿಟ್ಟು ಪಕ್ಕದ ಒಳ್ಳೆಯ ಮರಗಳಿಗೆ ಏರುತ್ತದೆ. ಸೀಳಿ ಒಣಗಿಸಿ ಬೇಗ ವಿಲೇವಾರಿ ಮಾಡಬೇಕು. ಅವುಗಳ ನಾರು ಸಣ್ಣ ಚಿಪ್ಪರ್‌ಗಳಿಗೂ ಸುತ್ತಿಕೊಳ್ಳುತ್ತದೆ.

ಹಾಗಾದರೆ ಸುಡುವುದೇ ಬೇಡವಾ? ಹಸಿ ಎಲೆ, ಕೊಂಬೆಯ ಗುಡ್ಡೆಗೆ ಬೆಂಕಿ ಇಟ್ಟರೆ ಅದು ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ. ಆ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳಿವೆ, ಕಾರ್ಬನ್ ಮೊನಾಕ್ಸೈಡ್ ಇದೆ. ಅನೇಕ ಕಡೆ ಇದು ಕಾನೂನಿಗೂ ವಿರುದ್ಧ. ಕಣಗಿಲೆಯಂಥ ವಿಷದ ಗಿಡದ ಕೊಂಬೆಯನ್ನಂತೂ ಸುಡಲೇಬೇಡಿ, ಅದರ ಹೊಗೆಯೂ ಅಪಾಯ. ದನ, ಮೇಕೆಗೆ ಹಾಕುವುದೂ ಬೇಡ. ಬೆಂಕಿಗೆ ಅನುಮತಿ ಇರುವ ಕಡೆ, ಚೆನ್ನಾಗಿ ಒಣಗಿದ ಕೊಂಬೆ ಇದ್ದರೆ ಇದ್ದಿಲು ಮಾಡಿ. ತಳ ಕಿರಿದಾದ, ಬಾಯಿ ಅಗಲವಾದ ಗುಂಡಿಯಲ್ಲಿ ಸ್ವಲ್ಪ ಪುಳ್ಳೆ ಉರಿಸಿ. ಮೇಲೆ ಬಿಳಿ ಬೂದಿ ಕಾಣತೊಡಗಿದ ಕೂಡಲೇ ಮುಂದಿನ ಪದರ ಹಾಕಿ. ಮೇಲಿನ ಜ್ವಾಲೆ ಗಾಳಿಯನ್ನೆಲ್ಲ ಬಳಸಿಕೊಳ್ಳುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಕೊನೆಗೆ ನೀರು ಸುರಿದು ಪೂರ್ತಿ ನಂದಿಸಿ. ಈ ಇದ್ದಿಲನ್ನು ನೇರ ಮಣ್ಣಿಗೆ ಹಾಕದೆ ಗೊಬ್ಬರದಲ್ಲಿ ಕೆಲವು ವಾರ ಬೆರೆಸಿಟ್ಟು ಆಮೇಲೆ ಹಾಕಿ.

ಬೊಡ್ಡೆಗಳಿಗೆ ಆತುರ ಇಲ್ಲದಿದ್ದರೆ ಕೊಳೆಯಲು ಬಿಡಿ. ನೆಲಮಟ್ಟಕ್ಕೆ ಕತ್ತರಿಸಿ, ಮೇಲಿನಿಂದ ಆಳವಾದ ತೂತುಗಳನ್ನು ಕೊರೆದು, ಸಗಣಿ ಗೊಬ್ಬರವನ್ನೋ ಯೂರಿಯಾವನ್ನೋ ತುಂಬಿ, ಮಣ್ಣು ಮುಚ್ಚಿ ತೇವ ಆರದಂತೆ ನೋಡಿಕೊಳ್ಳಿ. ಹೀಗೆ ಮಾಡಿದರೂ ಗಟ್ಟಿ ಮರಕ್ಕೆ ವರ್ಷಗಳೇ ಬೇಕು. ಚಿಗುರು ಬಂದಾಗಲೆಲ್ಲ ಎಳೆಯದಿರುವಾಗಲೇ ಮುರಿಯುತ್ತಿರಿ. ಉಪ್ಪು, ಡೀಸೆಲ್, ಹಳೆಯ ಎಂಜಿನ್ ಆಯಿಲ್ ಸುರಿಯುವ ಸಲಹೆ ಕೊಡುವವರು ಸಿಗುತ್ತಾರೆ. ಅದರಿಂದ ಮಣ್ಣು ಕೆಡುತ್ತದೆ. ಬೊಡ್ಡೆಗೆ ಬೆಂಕಿ ಹಾಕುವುದು ಇನ್ನೂ ಅಪಾಯ. ಬೇರಿನುದ್ದಕ್ಕೂ ಕೆಂಡ ನೆಲದೊಳಗೇ ಹರಿದು, ದಿನಗಳ ನಂತರ ಬೇರೆಲ್ಲೋ ಏಳಬಹುದು. ಯಂತ್ರದಲ್ಲಿ ಅರೆಸಿದರೆ ಸಾಮಾನ್ಯವಾಗಿ 15ರಿಂದ 30 ಸೆಂಟಿಮೀಟರ್ ಆಳಕ್ಕೆ ಹೋಗುತ್ತದೆ. ಆಗ ಬರುವ ಪುಡಿ ಮಣ್ಣಿನ ಜೊತೆ ಕಲಸಿಹೋಗಿರುತ್ತದೆ. ಮೇಲೆ ಹೇಳಿದ ಸಾರಜನಕದ ಕೊರತೆ ನಿಜವಾಗಿ ಕಾಡುವುದು ಇಂಥ ಕಡೆ. ಅದನ್ನು ಬಾಚಿ ದಾರಿಗೆ ಹಾಕಿ, ಗುಂಡಿಗೆ ಹೊಸ ಮಣ್ಣು ತುಂಬಿಸಿ, ಹೊಸ ಗಿಡವನ್ನು ಸ್ವಲ್ಪ ಆಚೆ ನೆಡಿ.

ಮೂರನೆಯ ಮರಕ್ಕೆ ಈ ತೀರ್ಮಾನಗಳೆಲ್ಲ ಗರಗಸ ಶುರುವಾಗುವ ಮುಂಚೆಯೇ ಆಗಲಿ. ಕಡಿಯಲು ಅನುಮತಿ ಬೇಕಾ ವಿಚಾರಿಸಿ, ಗೂಡುಗಳಿವೆಯಾ ನೋಡಿ. ಎಲೆ ಉದುರುವ ಜಾತಿಯಾದರೆ ಬೋಳಾಗಿರುವ ಕಾಲದಲ್ಲಿ ಕಡಿಸಿದರೆ ರಾಶಿ ಎಷ್ಟೋ ಕಡಿಮೆ. ಕೊಂಬೆ ಸಾಗಿಸುವುದು ಒಪ್ಪಂದದಲ್ಲಿ ಸೇರಿದೆಯಾ, ದಿಮ್ಮಿ ಯಾರದ್ದು ಎಂಬುದನ್ನು ಬರೆಸಿಕೊಳ್ಳಿ. ಚಿಪ್ಪರ್ ಅದೇ ದಿನ ಬರಲಿ, ಕೊಂಬೆ ಇಳಿದ ಹಾಗೇ ನೇರ ಯಂತ್ರಕ್ಕೆ ಹೋಗಲಿ. ಯಾವ ಉದ್ದಕ್ಕೆ ತುಂಡರಿಸಬೇಕು ಅಂತ ನೀವೇ ಹೇಳಿ, ಇಲ್ಲದಿದ್ದರೆ ಅವರಿಗೆ ಅನುಕೂಲವಾದ ಅಳತೆಗೆ ಕತ್ತರಿಸಿ ಹೋಗುತ್ತಾರೆ. ಬೊಡ್ಡೆಯ ಎತ್ತರವನ್ನೂ ಆಗಲೇ ಹೇಳಬೇಕು. ಅರೆಸುವುದಾದರೆ ಅಥವಾ ಕೊಳೆಯಲು ಬಿಡುವುದಾದರೆ ನೆಲಮಟ್ಟಕ್ಕೆ. ಯಂತ್ರ ಕಟ್ಟಿ ಬೇರುಸಹಿತ ಎಳೆಸುವುದಾದರೆ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಕಾಂಡ ಉಳಿಸಲಿ, ಸರಪಳಿ ಕಟ್ಟಿ ಎಳೆಯಲು ಹಿಡಿತ ಸಿಗುವುದು ಅಲ್ಲೇ.